ನೆಂಟರು ಬಂದಿದ್ದಾರೆ

ಬೆಳಗಿನ ಹೊತ್ತು ಆ ಹೊಲಿಗೆ ಕೋಣೆಯಲ್ಲಿ ಫೋನು ರಿಂಗಾದರೆ ಮಿಷನ್ನುಗಳೆಲ್ಲ ಒಟ್ಟಿಗೆ ನಿಲ್ಲುತ್ತಿದ್ದವು. ನಿಲ್ಲಿಸಿ ಎಂದು ಯಾರೂ ಹೇಳಬೇಕಾಗಿರಲಿಲ್ಲ. ಪೆಡಲಿನ ಮೇಲಿದ್ದ ಕಾಲುಗಳು ತಾವಾಗಿಯೇ ಹಗುರಾಗುತ್ತಿದ್ದವು, ಅರ್ಧ ಹೊಲಿದ ತೋಳು ಸೂಜಿಯ ಕೆಳಗೇ ಉಳಿಯುತ್ತಿತ್ತು, ಎಲ್ಲರ ಕಿವಿಯೂ ಕಟಿಂಗ್ ಮೇಜಿನ ಕಡೆ ತಿರುಗುತ್ತಿತ್ತು. ಆ ಹೊತ್ತಿನಲ್ಲಿ ಬರುವ ಫೋನು ಬಟ್ಟೆ ಅಂಗಡಿಯದ್ದಲ್ಲ, ಶಾಲೆಯದ್ದೂ ಅಲ್ಲ ಎಂದು ಎಲ್ಲರಿಗೂ ಗೊತ್ತು. ಯಾವ ಸ್ಟೂಲು ಖಾಲಿ ಇದೆಯೋ ಆ ಸ್ಟೂಲಿನವರದ್ದು.

ಅಂದು ಖಾಲಿ ಇದ್ದದ್ದು ಕಿಟಕಿ ಪಕ್ಕದ ಸ್ಟೂಲು, ಬಟನ್ನಿನ ತೂತು ಹೊಲಿಯುವ ಕಾಜಾ ಮಿಷನ್ನಿನದು.

ದೊಡ್ಡಕ್ಕ ಅಳತೆಯ ಟೇಪನ್ನು ಕೊರಳಿಗೆ ಹಾಕಿಕೊಂಡು ಬಂದಳು. ಫೋನನ್ನು ಮೇಜಿನಿಂದ ಎತ್ತಲಿಲ್ಲ. ಒಂದು ಬೆರಳಿನಿಂದ ಸ್ಪೀಕರ್ ಒತ್ತಿ, ಎರಡೂ ಕೈಗಳನ್ನು ಸೊಂಟದ ಮೇಲಿಟ್ಟುಕೊಂಡು ನಿಂತಳು.

"ದೊಡ್ಡಕ್ಕಾ..."

"ಹೇಳು. ಎಲ್ಲರೂ ಕೇಳಿಸ್ಕೊಳ್ತಾ ಇದ್ದೀವಿ."

"ಇವತ್ತು ಬರಕ್ಕಾಗಲ್ಲ ದೊಡ್ಡಕ್ಕ."

"ಯಾಕೆ?"

"ಮನೆಗೆ... ನೆಂಟರು ಬಂದಿದ್ದಾರೆ."

"ಹೋದ ತಿಂಗಳೂ ಬಂದಿದ್ರಲ್ಲ?"

"ಅವ್ರು ಬೇರೆ."

ಕಾಲರ್ ಹೊಲಿಯುವವಳಿಗೆ ಆ ಕೋಣೆಯಲ್ಲಿ ರೇಡಿಯೊ ಎಂದು ಹೆಸರು. ಬೆಳಿಗ್ಗೆ ಬಾಯಿ ತೆರೆದರೆ ಸಂಜೆ ಬಾಗಿಲು ಹಾಕುವ ತನಕ ನಿಲ್ಲುತ್ತಿರಲಿಲ್ಲ. ಅವಳು ಕೂತಲ್ಲಿಂದಲೇ ಕೂಗಿದಳು. "ಅಲ್ವೇ, ನಿಮ್ಮನೆ ಏನು ಛತ್ರವಾ? ನಮ್ಮನ್ನೂ ಒಂದಿನ ಕರಿಯೇ, ಬಂದು ಬಿದ್ಕೊಳ್ತೀವಿ!"

ಕೋಣೆ ಗೊಳ್ಳೆಂದು ನಕ್ಕಿತು. ಕಟಿಂಗ್ ಮಾಸ್ತರರು ಕೂಡ ಕತ್ತರಿ ಕೆಳಗಿಟ್ಟು ಮೀಸೆಯಡಿ ನಕ್ಕರು. ಆ ಕಡೆಯವಳು ಏನೋ ಹೇಳಿದಳು. ನಗುವಿನಲ್ಲಿ ಅದು ಯಾರಿಗೂ ಕೇಳಿಸಲಿಲ್ಲ. ಫೋನು ಕಟ್ಟಾಯಿತು.

ದೊಡ್ಡಕ್ಕ ಮಾತ್ರ ನಗಲಿಲ್ಲ. ಕಾಜಾ ಮಿಷನ್ನಿನ ಪಕ್ಕ ಶಾಲೆಯ ಸಮವಸ್ತ್ರದ ಅಂಗಿಗಳು ಸೊಂಟದೆತ್ತರಕ್ಕೆ ಬಿದ್ದಿದ್ದವು. ಕಾಲರ್ ಆಗಿತ್ತು, ತೋಳು ಕೂಡಿಸಿಯಾಗಿತ್ತು, ಅಂಚು ಮಡಿಸಿಯಾಗಿತ್ತು. ಕಾಜಾ ಬೀಳದೆ ಬಟನ್ ಹಚ್ಚುವ ಹಾಗಿಲ್ಲ, ಬಟನ್ ಹಚ್ಚದೆ ಇಸ್ತ್ರಿ ಇಲ್ಲ, ಇಸ್ತ್ರಿ ಇಲ್ಲದೆ ಪ್ಯಾಕಿಂಗ್ ಇಲ್ಲ. ಕಾಜಾ ಇಲ್ಲದ ಅಂಗಿ ಎಷ್ಟು ಚೆನ್ನಾಗಿ ಹೊಲಿದಿದ್ದರೂ ಎರಡು ತೋಳಿನ ಬಟ್ಟೆಯೇ ಹೊರತು ಅಂಗಿಯಲ್ಲ. ಶಾಲೆ ತೆರೆಯುವ ದಿನ ಹತ್ತಿರ ಬರುತ್ತಿತ್ತು. ಆ ಮಿಷನ್ನಿನ ಹಟ ಬಲ್ಲವಳು ಇಡೀ ಕೋಣೆಯಲ್ಲಿ ಆ ಒಬ್ಬಳೇ. ಇವತ್ತು ಅವಳ ಮನೆಗೆ ನೆಂಟರು.

ದೊಡ್ಡಕ್ಕನನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು. ಅವಳಿಗಿಂತ ಹತ್ತು ವರ್ಷಕ್ಕೆ ಹಿರಿಯರಾದ ಮಾಸ್ತರರೂ ಅಷ್ಟೆ. ತವರಿನಲ್ಲಿ ಹಿರಿಯ ಮಗಳಾಗಿದ್ದಾಗ ಅಂಟಿದ ಹೆಸರು ಹೊಲಿಗೆ ಕೋಣೆಗೂ ಬಂದಿತ್ತು. ಮನೆಯ ಮುಂದಿನ ಮೂಲೆಯಲ್ಲಿ ಒಂದೇ ಒಂದು ಮಿಷನ್ ಇಟ್ಟುಕೊಂಡು ಶುರುಮಾಡಿದ್ದು, ಈಗ ಪಾತ್ರೆ ಅಂಗಡಿಯ ಮೇಲಿನ ಇಡೀ ಮಹಡಿಯಾಗಿತ್ತು. ನೂಲು, ಬಣ್ಣ, ಅಳತೆ ಯಾವುದೂ ಅವಳನ್ನು ಹೆದರಿಸುತ್ತಿರಲಿಲ್ಲ. ಹೆದರಿಸುತ್ತಿದ್ದದ್ದು ಬೆಳಗಿನ ಈ ಒಂದು ಗಳಿಗೆ. ಮೆಟ್ಟಿಲು ಹತ್ತುವಾಗ ಚಪ್ಪಲಿಗಳನ್ನು ಎಣಿಸುತ್ತಾ ಬರುವುದು ಅವಳಿಗೆ ಅಭ್ಯಾಸವಾಗಿಹೋಗಿತ್ತು. ಒಂದು ಜೊತೆ ಕಡಿಮೆ ಕಂಡರೆ ಸಾಕು, ಮೊದಲಿನಿಂದ ಮತ್ತೊಮ್ಮೆ ಎಣಿಸುತ್ತಿದ್ದಳು. ಕೆಲಸವನ್ನಾದರೂ ಕಲಿಸಬಹುದು, ದಿನಾ ಬರುವುದನ್ನು ಯಾರಿಗೆ ಹೇಗೆ ಕಲಿಸುವುದು?

ಕಾರಣಗಳಿಗೇನೂ ಬರವಿರಲಿಲ್ಲ. ರೇಡಿಯೊಳ ಅತ್ತೆ ಬಚ್ಚಲಿನಲ್ಲಿ ಜಾರಿ ಬೀಳುತ್ತಲೇ ಇದ್ದರು. ಆ ಸೊಂಟ ಇನ್ನೂ ಹೇಗೆ ಉಳಿದಿದೆ ಎಂಬುದೇ ಆಶ್ಚರ್ಯ. ಅಂಚು ಮಡಿಸುವವಳ ಅಜ್ಜಿ ತೀರಿಕೊಂಡರು. ಮತ್ತೆ ತೀರಿಕೊಂಡರು. ಒಬ್ಬರು ಅಪ್ಪನ ತಾಯಿ, ಇನ್ನೊಬ್ಬರು ಅಮ್ಮನ ತಾಯಿ ಎಂದು ದೊಡ್ಡಕ್ಕ ಮನಸ್ಸಿಗೆ ಸಮಾಧಾನ ಹೇಳಿಕೊಂಡಿದ್ದಾಗ ಮೂರನೆಯ ಅಜ್ಜಿಯೂ ತೀರಿಕೊಂಡಿದ್ದರು.

ಸ್ಪೀಕರಿನ ಪದ್ಧತಿ ಶುರುವಾದದ್ದು ಮಾತ್ರ ಮಾಸ್ತರರಿಂದ. ಒಂದು ಬೆಳಿಗ್ಗೆ ಕೈಗೆ ಸೀಮೆಸುಣ್ಣದ ಪುಡಿ ಮೆತ್ತಿದ್ದರಿಂದ ದೊಡ್ಡಕ್ಕ ಫೋನನ್ನು ಎತ್ತದೆ ಸ್ಪೀಕರ್ ಒತ್ತಿದ್ದಳು. ಮಾಸ್ತರರ ಧ್ವನಿ ಇಡೀ ಕೋಣೆಗೆ ಕೇಳಿಸಿತು: "ಹಲ್ಲುನೋವು ದೊಡ್ಡಕ್ಕ, ತಡಿಯಕ್ಕಾಗ್ತಿಲ್ಲ." ಮಾಸ್ತರರ ಬಾಯಲ್ಲಿ ಸ್ವಂತದ್ದೆಂಬ ಒಂದು ಹಲ್ಲೂ ಇಲ್ಲ, ಮೇಲಿನದೂ ಕೆಳಗಿನದೂ ಕಟ್ಟಿಸಿಕೊಂಡ ಸೆಟ್ಟು ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವತ್ತು ಹೆಂಗಸರು ನಕ್ಕ ನಗುವಿಗೆ ಕೆಳಗಿನ ಪಾತ್ರೆ ಅಂಗಡಿಯವನು ಮೇಲೆ ಬಂದು ಏನಾಯಿತೆಂದು ವಿಚಾರಿಸಿಕೊಂಡು ಹೋಗಿದ್ದ. ಮರುದಿನ ಮಾಸ್ತರರು ತಲೆ ತಗ್ಗಿಸಿಕೊಂಡು ಬಂದರು. ಆಮೇಲೆ ಕೆಲವು ವಾರ ಯಾರೂ ತಪ್ಪಿಸಲಿಲ್ಲ. ಒಳ್ಳೆ ಔಷಧಿ ಸಿಕ್ಕಿತು ಎಂದುಕೊಂಡ ದೊಡ್ಡಕ್ಕ, ಅಂದಿನಿಂದ ರಜೆಯ ಫೋನು ಎಲ್ಲರ ಮುಂದೆ, ಸ್ಪೀಕರಿನಲ್ಲಿ, ಕಾರಣ ಸಮೇತ ಎಂದು ನಿಯಮ ಮಾಡಿಬಿಟ್ಟಳು. ಸುಳ್ಳು ಹೇಳುವವರಿಗೆ ನಾಚಿಕೆಯಾಗಲಿ ಎಂಬುದು ಅವಳ ಲೆಕ್ಕ. ಕೆಲವು ವಾರ ಕಳೆದ ಮೇಲೆ ರಜೆಗಳು ಮೊದಲಿನಷ್ಟೇ ಆದವು. ಸುಳ್ಳುಗಳು ಮಾತ್ರ ಮೊದಲಿಗಿಂತ ಗಟ್ಟಿಯಾದವು.

ಅಂದು ದೊಡ್ಡಕ್ಕ ತಾನೇ ಕಾಜಾ ಮಿಷನ್ನಿನ ಮುಂದೆ ಕುಳಿತಳು. ದಾರ ಎರಡು ಬಾರಿ ತುಂಡಾಯಿತು, ಒಂದು ಅಂಗಿಯ ಎದೆಪಟ್ಟಿ ಹರಿಯಿತು. ಮೇಲಿನ ಹಲಗೆಯಿಂದ ಹೊಸ ರೀಲು ತೆಗೆಯಲು ಎಡಗೈ ಎತ್ತಿದವಳು ಅರ್ಧಕ್ಕೇ ಇಳಿಸಿ, ತಿರುಗಿ ನಿಂತು ಬಲಗೈಯಲ್ಲಿ ತೆಗೆದುಕೊಂಡಳು. ಎಡ ಎದೆಯ ಬದಿಯಲ್ಲಿ, ಕಂಕುಳಿಗೆ ಹತ್ತಿರ, ಕೋಟಿನ ಬಟನ್ನಿನಷ್ಟು ದೊಡ್ಡದೊಂದು ಗಂಟು. ಸ್ನಾನ ಮಾಡುವಾಗ ಕೈಗೆ ಸಿಕ್ಕಿದ್ದು. ಮೊದಲ ದಿನ ಏನೋ ಉಳುಕು ಎಂದುಕೊಂಡಳು, ಆಮೇಲೆ ಸೋಪು ಹಚ್ಚುವಾಗ ಆ ಜಾಗವನ್ನು ಬಿಟ್ಟು ಹಚ್ಚುವುದನ್ನು ರೂಢಿಮಾಡಿಕೊಂಡಳು. ಮುಟ್ಟದಿದ್ದರೆ ಇಲ್ಲ ಎಂಬ ಹಾಗೆ. ಯಾರಿಗೆ ಹೇಳುವುದು? ಹೇಳಿದರೆ ಆಸ್ಪತ್ರೆ ಅನ್ನುತ್ತಾರೆ. ಆಸ್ಪತ್ರೆ ಎಂದರೆ ಒಂದು ದಿನ. ಶಾಲೆ ತೆರೆಯುವ ಮುಂಚೆ ಒಂದು ದಿನವನ್ನು ಎಲ್ಲಿಂದ ತರುವುದು? ಇದು ಅವಳು ತನಗೆ ಹೇಳಿಕೊಳ್ಳುತ್ತಿದ್ದ ಕಾರಣ. ಅದರ ಕೆಳಗೆ ಇನ್ನೊಂದಿತ್ತು. ಆ ಮಾತನ್ನು ಬಾಯಿಬಿಟ್ಟು ಹೇಳಲು ಅವಳಿಗೆ ನಾಚಿಕೆಯಾಗುತ್ತಿತ್ತು, ಭಯವೂ ಆಗುತ್ತಿತ್ತು.

ಕಾಜಾದವಳು ಬಂದದ್ದು ಎರಡು ದಿನ ಬಿಟ್ಟು. ಮುಖ ಬಿಳಿಚಿತ್ತು. ಯಾರ ಕಡೆಯೂ ನೋಡದೆ ಸ್ಟೂಲಿನ ಮೇಲೆ ಒಂದು ದಪ್ಪ ಬಟ್ಟೆ ಮಡಿಸಿ ಹಾಕಿಕೊಂಡು ಕುಳಿತಳು.

"ನೆಂಟರು ಹೋದ್ರಾ?" ಎಂದಳು ದೊಡ್ಡಕ್ಕ.

"ಹೋದ್ರು."

"ಇಲ್ಲಿ ನಾನೊಬ್ಳು ನಿನ್ನ ಮಿಷನ್ನಿನ ಜೊತೆ ಗುದ್ದಾಡ್ತಾ ಇದ್ದೆ. ಬಟನ್ ಹಚ್ಚೋಳು ಇಡೀ ದಿನ ಕೈ ಕಟ್ಕೊಂಡು ಕೂತಿದ್ಲು. ಬರಲ್ಲ ಅಂತ ಹಿಂದಿನ ದಿನಾನೇ ಹೇಳಕ್ಕೇನು ಕಷ್ಟ ನಿಂಗೆ? ನೆಂಟರು ಆಕಾಶದಿಂದ ಉದುರ್ತಾರಾ?"

ಕಾಜಾದವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. "ಫೋನಲ್ಲಿ ಎಷ್ಟು ಹೇಳ್ಬಹುದೋ ಅಷ್ಟು ಹೇಳಿದೆ ದೊಡ್ಡಕ್ಕ."

"ಅಷ್ಟು ಸಾಲದು. ಇಷ್ಟು ಜನರ ಅನ್ನ ಈ ಕೋಣೆಯಿಂದ ನಡೀತಿದೆ. ಶಾಲೆಯೋರು ಈ ಸಲ ತಡ ಆದ್ರೆ ಬೇರೆಯವರಿಗೆ ಕೊಡ್ತೀವಿ ಅಂದಿದ್ದಾರೆ. ಇನ್ನೊಂದು ಸಲ ಹೀಗೆ ತಪ್ಪಿಸಿದ್ರೆ ನೀನು ಬರೋದೇ ಬೇಡ. ಬೇರೆಯವ್ರನ್ನ ಹುಡುಕ್ತೀನಿ."

ರೇಡಿಯೊ ಕೂಡ ಸುಮ್ಮನಾದಳು. ಕಾಜಾದವಳು ತಲೆಯೆತ್ತಿ ದೊಡ್ಡಕ್ಕನನ್ನು ನೋಡಿದಳು. ಏನೋ ಹೇಳುವವಳಂತೆ ಬಾಯಿ ತೆರೆದವಳು ಮಾಸ್ತರರ ಮೇಜಿನ ಕಡೆ ಒಮ್ಮೆ ಕಣ್ಣು ಹಾಯಿಸಿ, "ಆಯ್ತು" ಎಂದಷ್ಟೇ ಹೇಳಿ ಪೆಡಲು ಒತ್ತಿದಳು. ಸಂಜೆಯ ಹೊತ್ತಿಗೆ ಗುಡ್ಡೆ ಅರ್ಧಕ್ಕೆ ಇಳಿದಿತ್ತು. ನೀರು ಕುಡಿಯಲೂ ಅವಳು ಏಳಲಿಲ್ಲ. ಎದ್ದದ್ದು ಎಲ್ಲರೂ ಮೆಟ್ಟಿಲಿಳಿದು ಹೋದ ಮೇಲೆ.

ದೊಡ್ಡಕ್ಕನ ಗುಟ್ಟು ಹೊರಬಿದ್ದದ್ದು ಆ ಭಾನುವಾರ. ಒಣಗಲು ಹಾಕಿದ ಹೊದಿಕೆಯನ್ನು ಹಗ್ಗದಿಂದ ಎಳೆಯುವಾಗ ಅವಳು ಮುಖ ಕಿವುಚಿದ್ದು ಗಂಡನ ಕಣ್ಣಿಗೆ ಬಿತ್ತು. ಅವನು ಗಡಿಯಾರ ರಿಪೇರಿಯವನು. ಸಣ್ಣದೊಂದು ಸದ್ದು ಬದಲಾದರೂ ಬಿಡುವ ಜಾತಿಯಲ್ಲ. ಕೇಳಿ ಕೇಳಿ, ಕೊನೆಗೆ ಬಾಯಿ ಬಿಡಿಸಿದ.

"ಎಷ್ಟು ದಿನ ಆಯ್ತು?"

"ಒಂದೆರಡು ತಿಂಗಳು ಆಗಿರ್ಬಹುದು."

ಅವನು ಹೊದಿಕೆಯನ್ನು ಅವಳ ಕೈಯಿಂದ ತೆಗೆದುಕೊಂಡು ತಾನೇ ಮಡಿಸಿದ. "ನಿನ್ನ ಮಿಷನ್ನಿನ ಸೂಜಿ ಮುರಿದ್ರೆ ಅದೇ ಗಳಿಗೆ ಬದಲಾಯಿಸ್ತೀಯ. ನಿನ್ನ ವಿಷಯಕ್ಕೆ ಮಾತ್ರ, ಹೊಲಿಗೆ ತಪ್ತಾ ಇದ್ರೂ ಓಡ್ಲಿ ಬಿಡು ಅಂತೀಯಲ್ಲ."

"ಶಾಲೆ ಶುರುವಾಗ್ಲಿ ರೀ, ಆಮೇಲೆ ಹೋಗೋಣ."

"ಶಾಲೆ ಪ್ರತಿ ವರ್ಷ ಶುರುವಾಗತ್ತೆ. ನಾಳೆ ಬೆಳಿಗ್ಗೆ ಹೊರಡೋದು."

ಆಸ್ಪತ್ರೆಯಲ್ಲಿ ಹೆಸರು ಬರೆಸಿ ಬೆಂಚಿನ ಮೇಲೆ ಕುಳಿತಾಗ ಕೋಣೆ ತೆರೆಯುವ ಹೊತ್ತಾಗಿತ್ತು. ಬೀಗದ ಕೈ ಮಾಸ್ತರರ ಹತ್ತಿರ ಇನ್ನೊಂದಿತ್ತು, ಆ ಚಿಂತೆ ಇರಲಿಲ್ಲ. ಆದರೆ ಹೇಳಬೇಕಲ್ಲ.

"ನಾನು ಫೋನ್ ಮಾಡ್ಲಾ?" ಎಂದ ಗಂಡ.

"ಬೇಡ. ನೀವು ಮಾಡಿದ್ರೆ ಏನೋ ದೊಡ್ಡದೇ ಆಗಿದೆ ಅಂದ್ಕೊಳ್ತಾರೆ."

ಅವಳು ಎದ್ದು ಕಿಟಕಿಯ ಹತ್ತಿರ ಹೋಗಿ ಕೋಣೆಯ ನಂಬರ್ ಒತ್ತಿದಳು. ಆ ಕಡೆ ಯಾರೋ ಎತ್ತಿದರು. ಎತ್ತಲಿಲ್ಲ, ಬೆರಳಿನಿಂದ ಒತ್ತಿದರು. ಅದು ಅವಳಿಗೆ ತಕ್ಷಣ ತಿಳಿಯಿತು. ಏಕೆಂದರೆ ಮೊದಲು ಮಿಷನ್ನುಗಳ ಗದ್ದಲ ಕೇಳಿಸಿತು. ಆಮೇಲೆ ಓವರ್‌ಲಾಕ್ ನಿಂತಿತು, ತೋಳು ಕೂಡಿಸುವ ಮಿಷನ್ ನಿಂತಿತು, ಇನ್ನೊಂದು ನಿಂತಿತು. ತಾನು ದಿನಾ ನಿಂತುಕೊಂಡು ಕೇಳುತ್ತಿದ್ದ ಮೌನದ ಇನ್ನೊಂದು ಬದಿ ಹೀಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಬಾವಿಯೊಳಕ್ಕೆ ಬಗ್ಗಿ ಮಾತಾಡುವಾಗಿನ ಹಾಗೆ. ಏನು ಹೇಳಿದರೂ ದೊಡ್ಡದಾಗಿಯೇ ವಾಪಸು ಬರುತ್ತದೆ.

"ದೊಡ್ಡಕ್ಕ, ಎಲ್ಲಿದ್ದೀರಿ?" ರೇಡಿಯೊಳ ಧ್ವನಿ.

"ನಾನು... ಇವತ್ತು ಬರಕ್ಕಾಗಲ್ಲ ಕಣೇ."

"ಅಯ್ಯೋ! ಸೂರ್ಯ ಯಾವ ಕಡೆ ಹುಟ್ಟಿದ ಇವತ್ತು? ಏನಾಯ್ತು?"

ಆಸ್ಪತ್ರೆ ಎಂದರೆ, ಏನಕ್ಕೆ ಎನ್ನುತ್ತಾರೆ. ಗಂಟು ಎಂದರೆ, ಎಲ್ಲಿ ಎನ್ನುತ್ತಾರೆ. ಮೇಜಿನ ಹತ್ತಿರವೇ ಮಾಸ್ತರರು ನಿಂತಿರುತ್ತಾರೆ. ಅಂಚು ಮಡಿಸುವವಳು ಈಗಾಗಲೇ ಕತ್ತು ಉದ್ದ ಮಾಡಿರುತ್ತಾಳೆ. ಇಷ್ಟು ಕಿವಿಗಳ ನಡುವೆ ಆ ಮಾತನ್ನು ಎಲ್ಲಿ ಇಡುವುದು? ಬಸ್ಸು ಕೆಟ್ಟಿತು ಎನ್ನಲೇ? ಕಾಲು ಉಳುಕಿತು ಎನ್ನಲೇ? ಯೋಚಿಸುತ್ತಿರುವಾಗಲೇ ಬಾಯಿ ತನ್ನಷ್ಟಕ್ಕೆ ಹೇಳಿಬಿಟ್ಟಿತು:

"ಮನೆಗೆ ನೆಂಟರು ಬಂದಿದ್ದಾರೆ."

ಕೋಣೆ ಬಿದ್ದು ಬಿದ್ದು ನಕ್ಕಿತು. "ದೊಡ್ಡಕ್ಕಾ, ನಿಮ್ಮನೇನೂ ಛತ್ರ ಆಯ್ತಾ!" ಎಂದು ರೇಡಿಯೊ ಕೂಗಿದಳು. ಅದರಲ್ಲಿ ವಿಷವೇನೂ ಇರಲಿಲ್ಲ. ಯಜಮಾನಿಯೂ ತಮ್ಮ ಹಾಗೆ ಸಿಕ್ಕಿಬಿದ್ದಳಲ್ಲ ಎಂಬ ಖುಷಿ, ಅಷ್ಟೆ. ಆದರೆ ಕಿಟಕಿಯ ಸರಳು ಹಿಡಿದು ನಿಂತಿದ್ದ ದೊಡ್ಡಕ್ಕನ ಕಿವಿ ಸುಟ್ಟಿತು. ಈ ನಗುವನ್ನು ಅವರಿಗೆ ಕಲಿಸಿದ್ದು ತಾನೇ. ಮೂರು ಕಾಸಿನ ಸುಳ್ಳನ್ನು ಹೇಳಿ, ನಗಿಸಿಕೊಂಡು, ಫೋನು ಇಟ್ಟ ಮೇಲೆ ಕಾಜಾದ ಆ ಹುಡುಗಿ ಎಲ್ಲಿ ಹೋಗಿ ಕುಳಿತಿರಬಹುದು?

ನಗು ಇಳಿಯುವಾಗ ಇನ್ನೊಂದು ಧ್ವನಿ ಫೋನಿನ ಹತ್ತಿರ ಬಂತು. ಕಾಜಾದವಳದು.

"ದೊಡ್ಡಕ್ಕ, ನೀವು ನೆಂಟರನ್ನ ನೋಡ್ಕೊಳ್ಳಿ. ಇಲ್ಲಿ ನಾನಿದ್ದೀನಿ."

ದೊಡ್ಡಕ್ಕ "ಹೂಂ" ಎಂದಳು. ಆ ಕಡೆಯವಳು ಫೋನು ಇಡುವ ಮುನ್ನ ಸ್ವಲ್ಪ ತಡೆದು, ಧ್ವನಿ ತಗ್ಗಿಸಿ, "ಹೆದರ್ಬೇಡಿ" ಎಂದಳು.

ಡಾಕ್ಟರಮ್ಮ ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವಳು. ತಣ್ಣನೆಯ ಅಂಟು ಹಚ್ಚಿ, ಕೈಯಲ್ಲಿದ್ದ ಯಂತ್ರವನ್ನು ಗಂಟಿನ ಮೇಲೆ ಅತ್ತಿತ್ತ ಆಡಿಸುತ್ತಾ ಪರದೆಯನ್ನೇ ನೋಡಿದಳು. ದೊಡ್ಡಕ್ಕ ಛಾವಣಿಯ ಫ್ಯಾನು ನೋಡುತ್ತಾ ಮಲಗಿದ್ದಳು. ಪ್ರಾರ್ಥನೆ ಬರಲಿಲ್ಲ. ಕಾಜಾ ಇಲ್ಲದ ಅಂಗಿಗಳು ನೆನಪಾದವು. ಎಲ್ಲ ಸರಿಯಾಗಿದ್ದೂ ಮುಚ್ಚಿಕೊಳ್ಳಲಾಗದ ಅಂಗಿಗಳು. ಆಮೇಲೆ ಸಣ್ಣದೊಂದು ಸೂಜಿ ಚುಚ್ಚಿ, ಡಾಕ್ಟರಮ್ಮ ಸಿರಿಂಜನ್ನು ಮೇಲೆತ್ತಿ ತೋರಿಸಿದಳು.

"ನೋಡಿ, ಬರೀ ನೀರು. ನೀರಿನ ಗುಳ್ಳೆ ಅಷ್ಟೇ ಇದು, ಗಂಟೇ ಅಲ್ಲ. ಈಗ ಮುಟ್ಟಿ ನೋಡ್ಕೊಳ್ಳಿ."

ದೊಡ್ಡಕ್ಕ ಮುಟ್ಟಿದಳು. ಎರಡು ತಿಂಗಳು ಸೋಪು ತಾಗಿಸದೆ ಬಿಟ್ಟಿದ್ದ ಜಾಗ. ಅಲ್ಲಿ ಏನೂ ಇರಲಿಲ್ಲ.

"ಮತ್ತೆ ತುಂಬ್ಕೊಂಡ್ರೆ ಬನ್ನಿ. ಇಲ್ಲಾಂದ್ರೂ ವರ್ಷಕ್ಕೊಂದ್ಸಲ ಬಂದು ತೋರಿಸಿ. ಹೆದರೋದೇನಿಲ್ಲ. ಆದ್ರೆ ಇಷ್ಟು ದಿನ ಯಾಕೆ ಸುಮ್ನಿದ್ರಿ?"

"ರಜಾ ಸಿಗ್ಲಿಲ್ಲ," ಎಂದಳು ದೊಡ್ಡಕ್ಕ. ಹೇಳಿದ ಮೇಲೆ ತನಗೇ ನಗು ಬಂತು. ನಗುತ್ತಾ ನಗುತ್ತಾ ಅಳುವೂ ಬಂತು. ಡಾಕ್ಟರಮ್ಮ ಇಂಥದ್ದನ್ನು ದಿನಾ ನೋಡುವವಳ ಹಾಗೆ ಹತ್ತಿ ಕೊಟ್ಟು, ಬೆನ್ನು ತಟ್ಟಿ, ಮುಂದಿನವರನ್ನು ಕರೆದಳು.

ಹೊರಗೆ ಗಂಡ ಅವಳ ಮುಖ ನೋಡಿಯೇ ಉಸಿರು ಬಿಟ್ಟ. "ಮನೆಗೆ ಹೋಗೋಣ ನಡಿ, ಮಲ್ಕೊ ಸ್ವಲ್ಪ."

"ನೀವು ಹೋಗಿ. ನಂಗೆ ಕೋಣೆ ಹತ್ರ ಒಂದು ಕೆಲಸ ಇದೆ."

"ನೆಂಟರನ್ನ ಬಿಟ್ಟು ಹೊರಟ್ಯಾ?" ಎಂದ ಅವನು. ಬೆಂಚಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದ ಮಹಾರಾಯ.

ಅವಳು ಮೆಟ್ಟಿಲು ಹತ್ತಿದ್ದು ಊಟದ ಹೊತ್ತಿಗೆ. ಮಿಕ್ಕವರೆಲ್ಲ ಒಳಗೆ ಡಬ್ಬಿ ಬಿಚ್ಚಿದ್ದರು. ಕಾಜಾದವಳು ಒಬ್ಬಳೇ ಮೆಟ್ಟಿಲ ತಿರುವಿನಲ್ಲಿ, ಗೋಡೆಗೆ ಒರಗಿ ಕುಳಿತಿದ್ದಳು. ದೊಡ್ಡಕ್ಕನನ್ನು ಕಂಡು ಏಳಹೊರಟಳು.

"ಕೂತ್ಕೊ." ದೊಡ್ಡಕ್ಕ ತಾನೂ ಒಂದು ಮೆಟ್ಟಿಲು ಕೆಳಗೆ ಕುಳಿತಳು. "ನಿಂಗೆ ಹೇಗೆ ಗೊತ್ತಾಯ್ತೇ?"

"ನೀವು ಎಡಗೈಯಲ್ಲಿ ರೀಲು ಇಳಿಸೋದು ಬಿಟ್ಟು ಬಹಳ ದಿನ ಆಯ್ತಲ್ಲ. ನನ್ನ ತಲೆ ಮೇಲೇ ಇದೆ ಆ ಹಲಗೆ. ಏನಂದ್ರು?"

"ನೀರಂತೆ. ತೆಗೆದು ಬಿಸಾಕಿದ್ರು."

ಕಾಜಾದವಳು ಕಣ್ಣು ಮುಚ್ಚಿ ತೆರೆದಳು. "ಸದ್ಯ," ಎಂದಳು. ತನ್ನದೇ ಯಾವುದೋ ಭಾರ ಇಳಿದವಳಂತೆ.

"ಈಗ ನಿನ್ನ ನೆಂಟರ ವಿಷಯ ಹೇಳು."

ಅವಳು ಒಳಗಿನ ಬಾಗಿಲನ್ನು ನೋಡಿದಳು. ದೊಡ್ಡಕ್ಕ ಎದ್ದು ಬಾಗಿಲು ಎಳೆದು ಬಂದಳು. ಆಮೇಲೆ ಮಾತು ಸಣ್ಣ ಧ್ವನಿಯಲ್ಲಿ, ತಡೆತಡೆದು ಬಂತು. ಮುಟ್ಟಾದರೆ ಈಗ ನಿಲ್ಲುವುದೇ ಇಲ್ಲ. ಮೊದಲೆರಡು ದಿನ ಬಟ್ಟೆ ಮೇಲೆ ಬಟ್ಟೆ ನೆನೆಯುತ್ತದೆ. ಒಂದು ಸಲ ಸ್ಟೂಲಿನ ಮೇಲೆ ಕಲೆಯಾಗಿ, ಯಾರೂ ನೋಡದ ಹಾಗೆ ಒರೆಸಿಕೊಂಡು ಹೋಗಿದ್ದಳು. ಎದ್ದರೆ ತಲೆ ಸುತ್ತುತ್ತದೆ. ಆ ದಿನಗಳಲ್ಲಿ ಮಾಸ್ತರರ ಎದುರು ಎದ್ದು ಓಡಾಡಲು ಧೈರ್ಯವಿಲ್ಲ.

"ಡಾಕ್ಟರ ಹತ್ರ ಹೋಗಿಲ್ವಾ?"

"ಅದಕ್ಕೂ ರಜಾ ಬೇಕಲ್ಲ. ರಜಾಕ್ಕೆ ಕಾರಣ ಬೇಕಲ್ಲ. ಸ್ಪೀಕರಲ್ಲಿ ಹೇಗೆ ಹೇಳ್ಲಿ ದೊಡ್ಡಕ್ಕ?"

ಆದರೂ ದೊಡ್ಡಕ್ಕನ ಒಳಗಿನ ಯಜಮಾನಿ ಅಷ್ಟು ಸುಲಭಕ್ಕೆ ಬಿಡುವವಳಲ್ಲ. "ಎಲ್ಲ ಸರಿ. ಆದ್ರೆ ನೀವು ಹೇಳದೆ ಕೇಳದೆ ಬರದ ದಿನ ನನ್ನ ಗತಿ ಏನಾಗತ್ತೆ ಗೊತ್ತಾ? ಅಂಗಿ ಕೊಡೋ ಮಾತು ಕೊಟ್ಟೋಳು ನಾನು."

"ಗೊತ್ತು. ಹಿಂದಿನ ಸಂಜೇನೇ ಹೇಳಿದ್ರೆ ನೀವು ಏನಾದ್ರೂ ಹೊಂದಿಸ್ಕೊಳ್ತಿದ್ರಿ. ನಂಗೆ ಹಿಂದಿನ ದಿನಾನೇ ಗೊತ್ತಾಗತ್ತೆ, ನಾಳೆ ಆಗಲ್ಲ ಅಂತ. ಆದ್ರೆ ಕಾರಣ ಹುಡುಕೋದ್ರಲ್ಲೇ ಬೆಳಗಾಗಿಬಿಡ್ತಿತ್ತು." ಅವಳು ಮೊದಲ ಬಾರಿಗೆ ಸ್ವಲ್ಪ ನಕ್ಕಳು. "ಅಜ್ಜಿಯರೆಲ್ಲ ಬೇರೆಯವರ ಪಾಲಾಗಿದ್ರಲ್ಲ. ನಂಗೆ ಉಳಿದಿದ್ದು ನೆಂಟರೇ."

ದೊಡ್ಡಕ್ಕನೂ ನಕ್ಕಳು. ನಗುವಿನ ಕೊನೆಯಲ್ಲಿ ಅವಳ ಕೈಯನ್ನು ಹಿಡಿದುಕೊಂಡಳು. ಸೂಜಿ ಚುಚ್ಚಿ ಚುಚ್ಚಿ ಒರಟಾದ, ಹಿಮದಷ್ಟು ತಣ್ಣಗಿದ್ದ ಬೆರಳುಗಳು. "ಬರೋದೇ ಬೇಡ ಅಂದಿದ್ನಲ್ಲ, ಅದನ್ನ ಮರ್ತುಬಿಡು. ನಾಡಿದ್ದು ಆಸ್ಪತ್ರೆಗೆ ಹೋಗು. ಇವತ್ತು ನನ್ನ ನೋಡಿದ ಡಾಕ್ಟರಮ್ಮ ಒಳ್ಳೆಯವ್ರು. ನಾಳೆ ಒಂದಿನ ರೇಡಿಯೊಗೆ ನಿನ್ನ ಮಿಷನ್ ಹೇಳ್ಕೊಡು."

"ಅವಳಿಗಾ? ಅವಳು ಮಿಷನ್ನಿಗೇ ಮಾತು ಕಲಿಸ್ತಾಳೆ."

ಊಟವಾದ ಮೇಲೆ ದೊಡ್ಡಕ್ಕ ಮೇಜಿನ ಹತ್ತಿರ ನಿಂತಳು. ಎಲ್ಲರೂ ತಮಾಷೆಗೆ ಸಿದ್ಧರಾಗಿ ಅವಳ ಮುಖ ನೋಡಿದರು.

"ನಮ್ಮನೆಗೆ ಯಾವ ನೆಂಟರೂ ಬಂದಿರಲಿಲ್ಲ. ಆಸ್ಪತ್ರೆಗೆ ಹೋಗಿದ್ದೆ. ಏನೂ ತೊಂದ್ರೆ ಇಲ್ಲವಂತೆ. ನಿಮ್ಮೆಲ್ಲರ ಎದುರು ಹೇಳಕ್ಕೆ ಬಾಯಿ ಬರ್ಲಿಲ್ಲ, ಅದಕ್ಕೆ ಸುಳ್ಳು ಹೇಳಿದೆ." ಅವಳು ಫೋನನ್ನು ಮೇಜಿನಿಂದ ಎತ್ತಿ ಸೊಂಟದ ಚೀಲಕ್ಕೆ ಹಾಕಿಕೊಂಡಳು. "ಇನ್ಮೇಲೆ ಇದು ಇಲ್ಲಿರುತ್ತೆ. ಬರಲ್ಲ ಅಂದ್ರೆ ಹಿಂದಿನ ಸಂಜೆ ನಂಗೊಬ್ಬಳಿಗೆ ಹೇಳಿ. ದಿಢೀರಂತ ಆದ್ರೆ ಬೆಳಿಗ್ಗೆ ಹೇಳಿ. ಕಾರಣ ನಾನು ಕೇಳಲ್ಲ. ಹೇಳ್ಬೇಕು ಅನ್ನಿಸಿದ್ರೆ ಕೇಳಿಸ್ಕೊಳ್ತೀನಿ. ಮತ್ತೆ, ಪ್ರತಿ ಮಿಷನ್ನೂ ಇಬ್ಬರಿಗೆ ಬರ್ಬೇಕು. ಅದನ್ನ ಮಾತ್ರ ಬಿಡಲ್ಲ."

"ಕಾರಣ ಕೇಳ್ದೆ ಇದ್ರೆ ಎಲ್ರೂ ರಜಾ ಹಾಕಿದ್ರೆ?" ಎಂದು ಅಂಚು ಮಡಿಸುವವಳು ಮೆಲ್ಲಗೆ ಅಂದಳು.

"ಕೇಳ್ತಾ ಇದ್ದಾಗ್ಲೂ ಹಾಕ್ತಿದ್ರಲ್ಲ. ನಿನ್ನ ಅಜ್ಜಿಯರಾದ್ರೂ ಬದುಕ್ಕೊಳ್ಳಲಿ ಬಿಡೇ."

ಆ ನಗುವಿನ ನಡುವೆ ಮಾಸ್ತರರು ಗಂಟಲು ಸರಿಮಾಡಿಕೊಂಡರು. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆಯುತ್ತಲೇ, ಮುಖ ಎತ್ತದೆ ಹೇಳಿದರು. "ನಂಗೆ ಆವತ್ತು ನಿಜವಾಗ್ಲೂ ನೋವಿತ್ತು ದೊಡ್ಡಕ್ಕ. ಸೆಟ್ಟು ಹೊಸದು, ಒಸಡು ಕೊರೆದು ಹುಣ್ಣಾಗಿತ್ತು. ನೀರೂ ಇಳೀತಿರಲಿಲ್ಲ. ಒಸಡುನೋವು ಅಂದ್ರೆ ಯಾರು ರಜಾ ಕೊಡ್ತಾರೆ ಅಂತ ಹಲ್ಲುನೋವು ಅಂದೆ."

ಇಷ್ಟು ದಿನ ಎಲ್ಲರೂ ನಕ್ಕಿದ್ದ ನಗುವಿನ ಬುಡದಲ್ಲಿ ನಿಜವಾದ ನೋವೇ ಇತ್ತಲ್ಲ. "ತಪ್ಪಾಯ್ತು ಮಾಸ್ತರೇ," ಎಂದಳು ದೊಡ್ಡಕ್ಕ.

"ಬಿಡಿ, ಈಗ ಸರಿಹೋಗಿದೆ," ಎಂದು ಅವರು ಹಲ್ಲು ತೋರಿಸಿದರು. ಸಾಲಾಗಿ, ಅಚ್ಚುಕಟ್ಟಾಗಿ, ಒಂದೂ ತಪ್ಪಿಲ್ಲದೆ.

ಕಾಜಾದವಳು ಆಸ್ಪತ್ರೆಗೆ ಹೋದ ದಿನ ಕಿಟಕಿಯ ಪಕ್ಕದ ಸ್ಟೂಲಿನ ಮೇಲೆ ರೇಡಿಯೊ ಕುಳಿತಿದ್ದಳು. ಮೊದಲ ಕಾಜಾವನ್ನು ಎತ್ತಿ ಹಿಡಿದು ನೋಡಿ ಅಂಚು ಮಡಿಸುವವಳು, "ಇದು ಕಾಜಾ ಅಲ್ವೇ, ಬಾಗಿಲು. ಬಟನ್ ತನ್ನ ಸಂಸಾರ ಸಮೇತ ಬರಬಹುದು," ಎಂದಳು. ಅಂಗಿಗಳ ಗುಡ್ಡೆ ನಿಧಾನವಾಗಿ ಇಳಿಯುತ್ತಿತ್ತು. ನಿಧಾನವಾದರೂ ಇಳಿಯುತ್ತಿತ್ತು. ಯಾರು ಬರುವುದಿಲ್ಲ ಎಂದು ಹಿಂದಿನ ದಿನವೇ ಗೊತ್ತಿದ್ದರಿಂದ ದೊಡ್ಡಕ್ಕ ಆ ಬೆಳಿಗ್ಗೆ ಮೆಟ್ಟಿಲು ಹತ್ತುವಾಗ ಚಪ್ಪಲಿ ಎಣಿಸಲು ಮರೆತಿದ್ದಳು.

ಮಧ್ಯಾಹ್ನ ಸೊಂಟದ ಚೀಲದಲ್ಲಿ ಫೋನು ರಿಂಗಾಯಿತು. ಹಳೆಯ ಅಭ್ಯಾಸ, ಮಿಷನ್ನುಗಳೆಲ್ಲ ನಿಂತವು. ದೊಡ್ಡಕ್ಕ ಫೋನನ್ನು ಕಿವಿಗೆ ಒತ್ತಿಕೊಂಡು, ಹೊಲೀರಿ ಎಂದು ಇನ್ನೊಂದು ಕೈಯಲ್ಲಿ ಸನ್ನೆ ಮಾಡಿ, ಮೆಟ್ಟಿಲಿನ ಕಡೆ ನಡೆದು ಬಾಗಿಲು ಎಳೆದುಕೊಂಡಳು.

"ಹೇಳು."

"ನೋಡಿದ್ರು ದೊಡ್ಡಕ್ಕ. ಗರ್ಭಕೋಶದಲ್ಲಿ ಸಣ್ಣ ಗಡ್ಡೆ ಇದೆಯಂತೆ, ಕೆಟ್ಟದ್ದಲ್ವಂತೆ. ಸದ್ಯಕ್ಕೆ ಆಪರೇಷನ್ ಏನೂ ಬೇಡ, ಮಾತ್ರೆ ಸಾಕು ಅಂದ್ರು. ರಕ್ತ ಬಹಳ ಕಮ್ಮಿ ಆಗಿದೆಯಂತೆ, ಅದಕ್ಕೂ ಬರ್ಕೊಟ್ಟಿದ್ದಾರೆ. ಇಷ್ಟು ದಿನ ಏನೇನೋ ಅಂದ್ಕೊಂಡು ನಿದ್ದೆಗೆಟ್ಟಿದ್ದೆ..." ಧ್ವನಿ ನಡುಗಿ, ನಿಂತು, ಮತ್ತೆ ಸರಿಹೋಯಿತು. "ನಾಳೆ ಬೆಳಿಗ್ಗೆನೇ ಬಂದುಬಿಡ್ತೀನಿ."

"ನಾಳೆ ಹೇಗೆ ಬರ್ತೀಯ?"

"ಯಾಕೆ ದೊಡ್ಡಕ್ಕ?"

"ನಾಳೆ ನಿಮ್ಮನೆಗೆ ನೆಂಟರು ಬರ್ತಾರೆ. ನಾಡಿದ್ದು ಬಾ."

ಆ ಕಡೆ ಕಾಜಾದವಳು ನಕ್ಕಳು. ಸಣ್ಣಗೆ ಶುರುವಾದ ನಗು, ಬರಬರುತ್ತಾ ತಡೆಯಲಾಗದಷ್ಟಾಯಿತು. ಬಾಗಿಲಿನಾಚೆ ಮಿಷನ್ನುಗಳು ಒಂದೊಂದಾಗಿ ಮತ್ತೆ ಓಡತೊಡಗಿದ್ದವು. ದೊಡ್ಡಕ್ಕ ಮೆಟ್ಟಿಲ ತಿರುವಿನಲ್ಲಿ ಗೋಡೆಗೆ ಒರಗಿ, ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದು, ಆ ನಗುವನ್ನು ಪೂರ್ತಿ ಕೇಳಿಸಿಕೊಂಡಳು. ಅದು ಅವಳೊಬ್ಬಳಿಗೇ ಕೇಳಿಸುತ್ತಿತ್ತು.